ಕೂತವಳು ಅತ್ತೆ, ನಿಂತವಳು ಸೊಸೆ

ಟೀವಿ ನೋಡುವುದೇ ನನ್ನ ಕೆಲಸವಾಗಿತ್ತು. ಹೀಗೆಂದರೆ ಯಾರೂ ನಂಬುವುದಿಲ್ಲ. ಕೆಲಸ ಸಿಕ್ಕಿತೆಂದು ನಮ್ಮೂರು ಕಟ್ಟಾಯದ ಮನೆಯಲ್ಲಿ ಹೇಳಿದ ದಿನ ನಮ್ಮತ್ತೆ ಅಕ್ಕಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. “ಟೀವಿ ನೋಡಕ್ಕೆ ಸಂಬ್ಳ ಕೊಡ್ತಾರಾ? ಅಂಗಾದ್ರೆ ನನ್ನೂ ಸೇರ್ಸವ್ವ. ನಾನು ನಿನಗಿಂತ ಚೆಂದಾಗಿ ನೋಡ್ತೀನಿ,” ಎಂದರು. ನಿವೃತ್ತಿಯಾದ ಮೇಲೂ ಹಾಸನದ ಬೀದಿಯಲ್ಲಿ ಸಿಕ್ಕವರು ಇದೇ ಧಾಟಿಯಲ್ಲಿ ಕಾಲೆಳೆಯುತ್ತಾರೆ.

ಮೊನ್ನೆ ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನ್ ಮಾಡಿ, “ಮೇಡಂ, ಇದರಲ್ಲಿ ಕಲಿಯೋದಕ್ಕೆ ಏನಿದೆ? ಚಿತ್ರ ನೋಡೋದು, ಗುರುತು ಹಾಕೋದು ತಾನೇ?” ಎಂದಳು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ನನ್ನ ಜೊತೆ ಕೆಲಸ ಮಾಡಿದವರಿಗೆಲ್ಲ ಅದು ಗೊತ್ತು. ಫೋನಿನಲ್ಲಿ ಬೈಯುವುದಕ್ಕಿಂತ ಬರೆದು ಬೈಯುವುದೇ ವಾಸಿ ಎಂದು ಈ ಹಾಳೆಗಳನ್ನು ಹಿಡಿದು ಕೂತಿದ್ದೇನೆ.

ಮೊದಲು ಕೆಲಸವೇನೆಂದು ಹೇಳಿಬಿಡುತ್ತೇನೆ. ಹಾಸನದ ಬಿ.ಎಂ. ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿಯಿತ್ತು. ವಿಡಿಯೋಗಳಲ್ಲಿ ಬೇಕಾದ ದೃಶ್ಯವನ್ನು ಕಂಪ್ಯೂಟರೇ ಹುಡುಕಿ ಕೊಡುವಂತೆ ಮಾಡಬೇಕೆಂದು ಸಂಶೋಧನೆ ಮಾಡುವವರಿದ್ದರು. ಅವರಿಗೆ ಬಗೆಬಗೆಯ ಟೀವಿ ದೃಶ್ಯಗಳು ಬೇಕು. ಸಾವಿರ ಗಂಟೆ ರೆಕಾರ್ಡ್ ಮಾಡಿಕೊಂಡರೂ ಅದರಲ್ಲಿ ಬರೀ ಒಬ್ಬ ವಾರ್ತೆ ಓದುವವನ ಮುಖವೇ ಇದ್ದರೆ ಏನು ಬಂತು? ಹಾಗಾಗಿ ಯಾವ ಚಾನೆಲ್ಲಿನಲ್ಲಿ, ಯಾವ ಕಾರ್ಯಕ್ರಮದಲ್ಲಿ ಎಷ್ಟು ಬಗೆಯ ನೋಟಗಳಿವೆ ಎಂದು ಅಳೆಯಬೇಕಿತ್ತು. ಆ ಅಳತೆ ನಮ್ಮ ಪಾಲಿನದು. ಕ್ಯಾಮೆರಾ ಬದಲಾದಲ್ಲೆಲ್ಲ ಕಾರ್ಯಕ್ರಮವನ್ನು ತುಂಡು ಮಾಡುವುದು, ಪ್ರತಿ ತುಂಡಿನಿಂದ ಒಂದು ಚಿತ್ರ ತೆಗೆಯುವುದು, ಅದು ಆಗಲೇ ಬಂದ ನೋಟವೋ ಬೇರೆ ನೋಟವೋ ಎಂದು ಬರೆಯುವುದು, ಚಿತ್ರದಲ್ಲಿ ಏನೇನಿದೆಯೋ ಅದಕ್ಕೆ ಪಟ್ಟಿಯಲ್ಲಿ ಗುರುತು ಹಾಕುವುದು. ಗಂಡಸು, ಹೆಂಗಸು, ಮನೆಯೊಳಗೆ, ಹೊರಗೆ, ರಸ್ತೆ, ವಾಹನ, ಮರ, ನೀರು, ಹೀಗೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕೊನೆಯಲ್ಲಿ ‘ಇತರೆ’ ಎಂದು ಒಂದು ಸಾಲು.

ಧ್ವನಿ ಬಂದ್. ಇದು ಮೊದಲ ನಿಯಮ. ಮಾತು ಕಿವಿಗೆ ಬಿದ್ದರೆ ಕಣ್ಣು ಸೋಮಾರಿಯಾಗುತ್ತದೆ ಎನ್ನುತ್ತಿದ್ದರು ನಮ್ಮ ಮೇಲಧಿಕಾರಿ ಮಂಜುನಾಥಯ್ಯನವರು. ಮೈಸೂರಿನ ಕಡೆಯವರು, ಲೆಕ್ಕದ ಮೇಷ್ಟರಾಗಿದ್ದವರು, ಮಾತು ಮೆದು, ನಿಯಮ ಕಟ್ಟುನಿಟ್ಟು. ಎರಡನೆಯ ನಿಯಮ, ಪ್ರತಿ ಕ್ಯಾಸೆಟ್ಟನ್ನೂ ಇಬ್ಬರು ಬೇರೆ ಬೇರೆ ಕೂತು ನೋಡಬೇಕು, ಒಬ್ಬರ ಗುರುತು ಇನ್ನೊಬ್ಬರು ನೋಡಬಾರದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ಹಾಕುತ್ತಿದ್ದರು. ಹೊಸಬರ ಗುರುತು ಹಳಬರದ್ದಕ್ಕೆ ತಾಳೆಯಾಗದಿದ್ದರೆ ಅವರನ್ನು ಉಳಿಸಿಕೊಳ್ಳುತ್ತಿರಲಿಲ್ಲ.

ನಮ್ಮ ಎಡವಟ್ಟುಗಳಿಗೇನೂ ಬರವಿರಲಿಲ್ಲ. ಪಟ್ಟಿಯನ್ನು ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ಕಳಿಸಿದ್ದರು. ಅದರಲ್ಲಿ ‘ತೋಟ’ ಎಂದಿತ್ತು. ಕಳಿಸಿದವರ ಮನಸ್ಸಿನಲ್ಲಿದ್ದದ್ದು ಹೂದೋಟ, ಪಾರ್ಕು. ನಮ್ಮ ನಾಗರಾಜ ಚನ್ನರಾಯಪಟ್ಟಣದವನು, ತೆಂಗಿನ ಮರಗಳ ನಡುವೆ ಹುಟ್ಟಿ ಬೆಳೆದವನು. ತೆಂಗಿನ ಮರ ಕಂಡಲ್ಲೆಲ್ಲ ತೋಟಕ್ಕೆ ಗುರುತು ಹಾಕಿದ. ಅವನೊಬ್ಬನೇ ಅಲ್ಲ, ನಾವೆಲ್ಲರೂ ಹಾಕಿದೆವು. ತಾಳೆ ಚೆನ್ನಾಗಿಯೇ ಬಂತು. ಮೇಲಿನವರಿಂದ ಫೋನು, ಕರ್ನಾಟಕದ ರೈತರು ಕೃಷಿ ಕಾರ್ಯಕ್ರಮಕ್ಕೂ ಪಾರ್ಕಿನಲ್ಲೇ ಕೂತು ಮಾತಾಡುತ್ತಾರಾ ಎಂದು! ಮಂಜುನಾಥಯ್ಯನವರು ನಾಗರಾಜನನ್ನು ಕೇಳಿದರೆ ಅವನು, “ತ್ವಾಟ ಅಂದ್ರೆ ತ್ವಾಟವೇ ಅಲ್ವಾ ಸಾ? ಪಾರ್ಕಿಗೆ ಯಾರಾದ್ರೂ ತ್ವಾಟ ಅಂತಾರಾ?” ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಆದರೆ ಅಷ್ಟೂ ಕ್ಯಾಸೆಟ್ಟುಗಳನ್ನು ಮತ್ತೆ ನೋಡಬೇಕಾಯಿತು.

ಇನ್ನೊಂದು ಸಲ, ತುಂಬಿ ಹರಿಯುವ ಹೊಳೆಯ ಒಂದೇ ದೃಶ್ಯವನ್ನು ಒಂದು ಚಾನೆಲ್ಲಿನವರು ಮಳೆಗಾಲ ಪೂರ್ತಿ ತೋರಿಸಿದರು. ಕೆಳಗೆ ಊರಿನ ಹೆಸರು ಮಾತ್ರ ಬೇರೆ ಬೇರೆ. ನಾಗರಾಜ ಹೆಸರು ಓದಿಕೊಂಡು ಪ್ರತಿ ಸಲವೂ ಬೇರೆ ನೋಟವೆಂದು ಗುರುತು ಹಾಕಿದ್ದ. ಅಂದಿನಿಂದ ನಮ್ಮ ಪರದೆಗಳ ಕೆಳಭಾಗಕ್ಕೆಲ್ಲ ರಟ್ಟಿನ ಪಟ್ಟಿ ಅಂಟಿಸಿದೆವು, ಅಕ್ಷರ ಕಾಣದಂತೆ. ಕಚೇರಿಗೆ ಬಂದ ಕೊರಿಯರ್‌ನವನು ಅದನ್ನು ನೋಡಿ, ಟೀವಿ ಒಡೆದುಹೋಗಿದೆಯಾ ಎಂದು ಕೇಳುತ್ತಿದ್ದ.

ಇಂಥ ಕಚೇರಿಗೆ ಪುಟ್ಟಲಕ್ಷ್ಮಿ ಬಂದಳು. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯವಳು. ಅರಕಲಗೂಡಿನ ಕಡೆ ಒಂದು ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ಬಾಳಲಾಗದೆ ಪುಟ್ಟ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಪಿಯುಸಿ ಓದಿದ್ದಳು, ಅಕ್ಷರ ಮುತ್ತಿನಂತಿತ್ತು. ಮಗಳನ್ನು ಊರಲ್ಲೇ ಬಿಟ್ಟು ಬಂದವಳಿಗೆ ಅವಳ ಅಣ್ಣ ತಾನೇ ಹಾಸನದಲ್ಲಿ ಒಂದು ರೂಮು ಮಾಡಿಕೊಟ್ಟು, ಕಚೇರಿಗೆ ಕರೆದುಕೊಂಡು ಬಂದು ಬಿಟ್ಟುಹೋದ. ಹೋಗುವಾಗ ನನ್ನ ಹತ್ತಿರ, “ಅಕ್ಕಾವ್ರೆ, ಕೆಲ್ಸ ಖಾಯಂ ಆದ್ರೆ ಸರಿ, ಇಲ್ಲೇ ಇರ್ಲಿ. ಆಗ್ದಿದ್ರೆ ಪಂಚಾಯ್ತಿ ಮಾಡಿ ಗಂಡನ್ ಮನೆಗೆ ವಾಪಸ್ ಕಳ್ಸೋದೇ. ಊರೋರ ಬಾಯಿ ಎಷ್ಟ್ ದಿನ ಮುಚ್ಚಕಾಯ್ತದೆ?” ಎಂದ. ಅವಳು ಪಕ್ಕದಲ್ಲೇ ನಿಂತಿದ್ದಳು. ಅವಳ ಎದುರೇ ಹಾಗೆ ಹೇಳಿದ್ದು ನನಗೆ ಹಿಡಿಸಲಿಲ್ಲ.

ಅವಳಿಗೊಂದು ವಿಚಿತ್ರ ಅಭ್ಯಾಸವಿತ್ತು. ಪರದೆಯ ಮುಂದೆ ಕೂರುತ್ತಿದ್ದಳು, ಆದರೆ ಯಾರಾದರೂ ಮಾತಾಡಿಸಿದರೆ ಸಾಕು, ದಿಗ್ಗನೆ ಎದ್ದು ನಿಲ್ಲುತ್ತಿದ್ದಳು. ಊಟದ ಹೊತ್ತಿನಲ್ಲಿ ಎಲ್ಲರೂ ಬೆಂಚಿನ ಮೇಲೆ ಕೂತರೆ ಅವಳು ಡಬ್ಬಿ ಹಿಡಿದು ಕಿಟಕಿಯ ಹತ್ತಿರ ನಿಂತು ತಿನ್ನುವಳು. “ಕೂತ್ಕೊಳ್ಳೇ,” ಎಂದರೆ, “ಅಭ್ಯಾಸ ಬುಡಿ ಅಕ್ಕ,” ಎನ್ನುವಳು. ಗಂಡನ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹತ್ತಿರ ನಿಂತುಕೊಂಡೇ ಉಣ್ಣಬೇಕಿತ್ತಂತೆ, ಯಾರಾದರೂ ಸಾರು ಕೇಳಿದರೆ ತಕ್ಷಣ ಬಡಿಸಲು.

ಅವಳ ಮೊದಲ ಕ್ಯಾಸೆಟ್ಟಿಗೆ ಜೋಡಿಯಾಗಿ ನೋಡಿದವಳು ನಾನು. ಸೀರಿಯಲ್ಲಿನ ಕ್ಯಾಸೆಟ್ಟು. ತಾಳೆ ಹಾಕಲು ಕೂತ ಮಂಜುನಾಥಯ್ಯನವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಅವಳನ್ನು ಕರೆದರು. ಪಟ್ಟಿಯ ಬೇರೆ ಯಾವುದಕ್ಕೂ ಅವಳು ಗುರುತು ಹಾಕಿರಲಿಲ್ಲ. ‘ಇತರೆ’ಯಲ್ಲಿ ಮಾತ್ರ ದುಂಡಗೆ ಬರೆದಿದ್ದಳು: ಅತ್ತೆ. ಅತ್ತೆ, ಸೊಸೆ. ಅತ್ತೆ, ನಾದಿನಿ, ಸೊಸೆ. ಒಂದು ಕಡೆಯಂತೂ, ‘ಸೊಸೆ, ತವರಿನಿಂದ ಈಗ ತಾನೆ ಬಂದವಳು’.

“ಏನಮ್ಮ ಇದು? ಈ ಸೀರಿಯಲ್ ಮನೇಲಿ ನೋಡ್ತೀಯಾ?”

“ಇಲ್ಲ ಸಾ. ನಮ್ ರೂಮಲ್ಲಿ ಟೀವಿನೇ ಇಲ್ಲ ಸಾ.”

“ಧ್ವನಿ ಹಾಕಿಕೊಂಡಿದ್ದೆಯಾ?”

“ಇಲ್ಲ ಸಾ.”

“ಮತ್ತೆ ಇವಳು ಅತ್ತೆ ಅಂತ ಹೇಗೆ ಗೊತ್ತಾಯ್ತು?”

“ಕುಂತವ್ಳಲ್ಲ ಸಾ.”

“ಕೂತರೆ ಅತ್ತೆನಾ?”

“ನಿಂತಿರೋಳು ಸೊಸೆ ಅಲ್ವಾ ಸಾ?”

ಮಂಜುನಾಥಯ್ಯನವರು ಜೋರಾಗಿ ನಕ್ಕರು. ನಾನೂ ನಕ್ಕೆ, ನಾಗರಾಜ ಅತ್ತ ತಿರುಗಿ ನಕ್ಕ. ಪುಟ್ಟಲಕ್ಷ್ಮಿ ಮಾತ್ರ ನಗಲಿಲ್ಲ. ಮೇಜಿನ ಮುಂದೆ ಕೈಕಟ್ಟಿ ನಿಂತು, ತಾನು ಹೇಳಿದ್ದರಲ್ಲಿ ನಗುವಂಥದ್ದು ಏನಿದೆ ಎಂದು ತಿಳಿಯದೆ ನಮ್ಮ ಮುಖಗಳನ್ನು ನೋಡುತ್ತಿದ್ದಳು. ನನ್ನ ನಗು ಅಲ್ಲಿಗೇ ನಿಂತಿತು.

“ನೋಡು ತಾಯಿ,” ಎಂದರು ಮಂಜುನಾಥಯ್ಯನವರು. “ಇಲ್ಲಿ ಕಂಡದ್ದು ಬರೀಬೇಕು. ಗೊತ್ತಿರೋದನ್ನ ಬರೀಬಾರದು. ಚಿತ್ರದಲ್ಲಿ ಹೆಂಗಸು ಇದ್ದಾಳೆ. ಅತ್ತೆ ಅನ್ನೋದು ನಿನ್ನ ತಲೇಲಿದೆ. ಒಂದು ತಿಂಗಳು ಟೈಮ್ ಕೊಡ್ತೀನಿ. ತಾಳೆ ಬರದೆ ಹೋದ್ರೆ ನಾನೇನೂ ಮಾಡೋಕಾಗಲ್ಲ.”

ಹೊಸ ಹುಡುಗಿಗೆ ಹೇಳುವುದೇನೆಂದರೆ, ಕಲಿಯುವುದಕ್ಕೇನಿದೆ ಎಂದು ಕೇಳಿದೆಯಲ್ಲ, ಕಲಿಯಬೇಕಾದದ್ದು ಇದನ್ನೇ. ಕಂಡದ್ದೆಷ್ಟು, ಗೊತ್ತಿರುವುದೆಷ್ಟು ಎಂದು ಬಿಡಿಸಿ ನೋಡುವುದು. ನೋಡಿದ ಕ್ಷಣದಲ್ಲೇ ಎರಡೂ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ನನಗೇ ಅದನ್ನು ಕಲಿಯಲು ವರ್ಷಗಳೇ ಹಿಡಿದವು.

ಆ ತಿಂಗಳು ಅವಳನ್ನು ತಯಾರು ಮಾಡುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಸಂಜೆ ಕಚೇರಿ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಒಂದು ಕಂಬದ ಹತ್ತಿರ ನಾನು ಕೂರುತ್ತಿದ್ದೆ, ಅವಳು ನಿಲ್ಲುತ್ತಿದ್ದಳು. ನಾನು ತೋರಿಸಿದ್ದರಲ್ಲಿ ಏನು ಕಾಣುತ್ತದೆಂದು ಅವಳು ಹೇಳಬೇಕು.

“ಗಂಡ ಎಂಡ್ತಿ ಜಗಳ ಆಡ್ಕಂಡವ್ರೆ,” ಎಂದಳು ಒಂದು ದಿನ.

“ಗಂಡ ಹೆಂಡತಿ ಅಂತ ಹಣೆ ಮೇಲೆ ಬರೆದಿದೆಯೇನೇ? ಕಂಡದ್ದು ಹೇಳು.”

ಸ್ವಲ್ಪ ಹೊತ್ತು ದಿಟ್ಟಿಸಿದಳು. “ಒಬ್ಬ ಗಂಡಸು ಮುಂದೆ ಓಯ್ತಾವ್ನೆ. ಒಬ್ಳು ಎಂಗ್ಸು ಇಂದೆ. ಎರಡು ಚೀಲ್ವೂ ಎಂಗ್ಸಿನ ಕೈಲವೆ.”

“ಭೇಷ್. ಹಾಗೆ.”

“ಜಗಳ ಅಂತ ಬರೀದಿದ್ರೆ ಅವಳ ಕಷ್ಟ ಯಾರಿಗ್ ತಿಳೀತದಕ್ಕ?”

ಚೀಲ ಯಾರ ಕೈಯಲ್ಲಿದೆ ಎಂದು ಬರೆದರೆ ಓದುವವರಿಗೆ ತಿಳಿಯುತ್ತದೆ ಬಿಡು ಎಂದು ಹೇಳಿ ಬಾಯಿ ಮುಚ್ಚಿಸಿದೆ. ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತೆಂದು ನನಗೆ ಆಗ ಗೊತ್ತಾಗಲಿಲ್ಲ. ಅರಕಲಗೂಡಿನ ಬಸ್ಸು ಬಂದು ನಿಂತಾಗಲೆಲ್ಲ ಅವಳು ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು. ಆ ಬಸ್ಸು ಹೊರಡುವವರೆಗೂ ನಾನು ಪ್ರಶ್ನೆ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಮಂಜುನಾಥಯ್ಯನವರು ನಮ್ಮನ್ನೆಲ್ಲ ಹಾಸನದ ಹತ್ತಿರದ ಮೊಸಳೆ ಎಂಬ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಪಕ್ಕಪಕ್ಕದಲ್ಲಿ ಎರಡು ದೇವಸ್ಥಾನಗಳಿವೆ, ನೋಡಲು ಅವಳಿಜವಳಿ. ಎರಡರ ನಡುವೆ ನಿಲ್ಲಿಸಿ, “ಅದೇ ನೋಟವೋ, ಬೇರೆ ನೋಟವೋ?” ಎಂದು ಕೇಳಿದರು. ನಾಗರಾಜ ಥಟ್ಟನೆ, “ಬ್ಯಾರೆ ಸಾ. ಒಂದ್ರಲ್ಲಿ ಈಶ್ವರ, ಇನ್ನೊಂದ್ರಲ್ಲಿ ಚೆನ್ನಕೇಶವ,” ಎಂದ. “ದೇವರು ಒಳಗಿದ್ದಾನಪ್ಪ. ನೀನು ಹೊರಗೆ ನಿಂತಿದ್ದೀಯ,” ಎಂದರು ಅವರು. ನಾನು ಅದೇ ಎಂದೆ. ಪುಟ್ಟಲಕ್ಷ್ಮಿ ಎರಡನ್ನೂ ಸುತ್ತು ಹಾಕಿಕೊಂಡು ಬಂದು, “ದೂರದಿಂದ ಅದೇ ಸಾ, ಅತ್ರಕ್ಕೋದ್ರೆ ಬ್ಯಾರೆ. ಗ್ವಾಡೆ ಮೇಲಿನ ಬೊಂಬೆ ಬ್ಯಾರೆ ಬ್ಯಾರೆ ಅವೆ,” ಎಂದಳು. ಮಂಜುನಾಥಯ್ಯನವರು ಮುಗುಳ್ನಕ್ಕು ಬುತ್ತಿ ಬಿಚ್ಚಲು ಹೇಳಿದರು. ಪುಳಿಯೋಗರೆ ಚೆನ್ನಾಗಿತ್ತು. ಅವಳು ಅಲ್ಲೂ ನಿಂತುಕೊಂಡೇ ತಿಂದಳು.

ತಿಂಗಳು ಮುಗಿಯಿತು. ಮತ್ತೆ ಸೀರಿಯಲ್ಲಿನದೇ ಒಂದು ಕ್ಯಾಸೆಟ್ಟು, ಮತ್ತೆ ನಾನೇ ಜೋಡಿ. ಅವಳ ಅಣ್ಣ ಬೆಳಗ್ಗೆಯೇ ಬಂದು ಕೆಳಗೆ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ನನಗೆ ಪರದೆಯ ಮೇಲೆ ಗಮನವೇ ನಿಲ್ಲುತ್ತಿರಲಿಲ್ಲ. ಪರೀಕ್ಷೆ ಅವಳದ್ದು, ಬೆವರು ನನ್ನದು.

ತಾಳೆ ಹಾಕುವಾಗ ನಾವಿಬ್ಬರೂ ಮಂಜುನಾಥಯ್ಯನವರ ಮೇಜಿನ ಮುಂದಿದ್ದೆವು. ಹೆಂಗಸು, ತಾಳೆ. ಮನೆಯೊಳಗೆ, ತಾಳೆ. ಸೋಫಾ, ತಾಳೆ. ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ. ಸದ್ಯ, ಗೆದ್ದಳು ಎಂದುಕೊಳ್ಳುವಷ್ಟರಲ್ಲಿ ಅವರ ಪೆನ್ಸಿಲ್ಲು ‘ಇತರೆ’ಯ ಮೇಲೆ ನಿಂತಿತು. ಅಲ್ಲಿ ಅವಳು ಚಿತ್ರದಿಂದ ಚಿತ್ರಕ್ಕೆ ಬರೆದಿದ್ದಳು: ‘ಒಬ್ಬಳು ಕೂತಿದ್ದಾಳೆ, ಒಬ್ಬಳು ನಿಂತಿದ್ದಾಳೆ.’ ‘ಇಬ್ಬರು ಕೂತಿದ್ದಾರೆ, ಒಬ್ಬಳು ನಿಂತಿದ್ದಾಳೆ, ಕೈಯಲ್ಲಿ ತಟ್ಟೆ.’ ನನ್ನ ಹಾಳೆಯಲ್ಲಿ ಆ ಸಾಲು ಉದ್ದಕ್ಕೂ ಖಾಲಿ. ನಿಯಮದಂತೆ ಅವಳ ಹಾಳೆಗೂ ನನ್ನದಕ್ಕೂ ತಾಳೆಯಿಲ್ಲ.

ಮಂಜುನಾಥಯ್ಯನವರು ಅವಳನ್ನೇನೂ ಕೇಳಲಿಲ್ಲ. ನನ್ನ ಕಡೆ ತಿರುಗಿದರು. “ಸುಮಿತ್ರಾ, ನಿಮಗೆ ಇದು ಕಾಣಲಿಲ್ಲವಾ?”

“ಕಂಡಿತು ಸಾರ್.”

“ಮತ್ತೆ ಯಾಕೆ ಬರೀಲಿಲ್ಲ?”

“ಪಟ್ಟಿಯಲ್ಲಿ ಇರಲಿಲ್ಲ ಸಾರ್. ಕಂಡಿದ್ದು ನಿಜ. ಅವಳು ಬರೆದಿರೋದರಲ್ಲಿ ಕಂಡದ್ದು ಬಿಟ್ಟು ಬೇರೇನೂ ಇಲ್ಲ. ಇದಕ್ಕಾಗಿ ಅವಳನ್ನ ಕಳಿಸಿದರೆ ನನ್ನನ್ನೂ ಕಳಿಸಿಬಿಡಿ.” ಕೊನೆಯ ವಾಕ್ಯ ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಸಿಟ್ಟು ಬೇಗ ಬರುತ್ತದೆಂದು ಆಗಲೇ ಹೇಳಿದೆನಲ್ಲ.

“ಯಾರನ್ನ ಕಳಿಸ್ತೀನಿ ಅಂದೆ ನಾನು?” ಎಂದರು ಅವರು, ಬೇಜಾರಿನಲ್ಲಿ. ನಾಗರಾಜನ ಹತ್ತಿರ ಹೊಸ ಹಾಳೆ ತರಿಸಿ, ಪಟ್ಟಿಯ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದರು. ಕೂತಿರುವವರು, ನಿಂತಿರುವವರು, ನಡೆಯುತ್ತಿರುವವರು, ಮಲಗಿರುವವರು. “ಇಬ್ಬರೂ ಮತ್ತೆ ನೋಡಿ,” ಎಂದರು. ಮಧ್ಯಾಹ್ನದ ಊಟ ಬಿಟ್ಟು ನೋಡಿದೆವು. ಈ ಸಲ ಮೇಲಿನಿಂದ ಕೆಳಗಿನವರೆಗೆ ತಾಳೆ ಬಂತು. ಸೀರಿಯಲ್ಲಿನ ಚಿತ್ರಗಳೆಲ್ಲ ಹೆಂಗಸು, ಮನೆಯೊಳಗೆ ಎಂದು ಒಂದೇ ಗುಡ್ಡೆಯಾಗಿ ಬೀಳುತ್ತಿದ್ದದ್ದು ಅವರಿಗೂ ಬಹಳ ದಿನದ ತಲೆನೋವಾಗಿತ್ತಂತೆ. ಹೊಸ ಪಟ್ಟಿಯಿಂದ ಆ ಗುಡ್ಡೆ ನಾಲ್ಕಾರು ಪಾಲಾಯಿತು. ಜೊತೆಗೆ ಇನ್ನೊಂದೂ ಕಂಡಿತು. ಸೀರಿಯಲ್ಲು ಬದಲಾದರೂ ಕೂರುವವರು ಕೂತೇ ಇದ್ದರು, ನಿಲ್ಲುವವರು ನಿಂತೇ ಇದ್ದರು.

ಅವಳ ಕೆಲಸ ಖಾಯಮಾಯಿತು. “ಕೂತ್ಕೋ ತಾಯಿ, ಸಹಿ ಹಾಕು,” ಎಂದು ಮಂಜುನಾಥಯ್ಯನವರು ಕುರ್ಚಿ ತೋರಿಸಿದರೆ, “ಪರ್ವಾಗಿಲ್ಲ ಸಾ,” ಎಂದು ಬಗ್ಗಿ ನಿಂತೇ ಸಹಿ ಹಾಕಿದಳು. ಕೆಳಗೆ ಮೆಟ್ಟಿಲ ಮೇಲೆ ಅಣ್ಣನಿಗೆ ನಾನೇ ಸುದ್ದಿ ಹೇಳಿದೆ. ಅವನು ಮೆಟ್ಟಿಲಿಂದ ಎದ್ದು, “ಅಂಗಾರೆ ಊರಿನ್ ಸ್ಕೂಲಿಂದ ಮಗಿನ ಟಿ.ಸಿ. ತರ್ತೀನಿ, ಇಲ್ಲೇ ಸೇರ್ಸಾನ,” ಎಂದ. ಕಣ್ಣು ಒರೆಸಿಕೊಂಡ. ಅವನನ್ನು ಒರಟ ಎಂದುಕೊಂಡಿದ್ದೆ. ಪಾಪ, ಅವನೂ ಹೆದರಿದ್ದ.

ಕ್ಯಾಸೆಟ್ಟು ಹೋಗಿ ಹಾರ್ಡ್ ಡಿಸ್ಕ್ ಬಂತು. ಪೆನ್ಸಿಲ್ಲು ಹೋಗಿ ಮೌಸು ಬಂತು. ಕಡೆಗೆ ತುಂಡು ಮಾಡುವುದನ್ನೂ ಗುರುತು ಹಾಕುವುದನ್ನೂ ಕಂಪ್ಯೂಟರೇ ಮಾಡತೊಡಗಿದಾಗ ನಮ್ಮ ಅಂಗಡಿ ಮುಚ್ಚಿತೆಂದೇ ಎಲ್ಲರೂ ಅಂದುಕೊಂಡೆವು. ಹಾಗಾಗಲಿಲ್ಲ. ಅದು ಹಾಕಿದ ಗುರುತು ಸರಿಯೋ ತಪ್ಪೋ ಎಂದು ನೋಡುವ ಹೊಸ ಕೆಲಸ ಹುಟ್ಟಿಕೊಂಡಿತು, ಇನ್ನಷ್ಟು ಜನ ಸೇರಿದರು. ನಮ್ಮ ಹಳೆಯ ಗುರುತುಗಳಿಂದಲೇ ಅದಕ್ಕೆ ಪಾಠ ಹೇಳಿದ್ದರು. ಒಂದು ಚಿತ್ರದ ಕೆಳಗೆ ಅದು ತಾನಾಗಿಯೇ ‘ಕೂತಿರುವ ಹೆಂಗಸು, ನಿಂತಿರುವ ಹೆಂಗಸು’ ಎಂದು ಬರೆದ ದಿನ ಪುಟ್ಟಲಕ್ಷ್ಮಿ ನನ್ನನ್ನು ಕೂಗಿ ಕರೆದಳು. “ನೋಡಕ್ಕಾ, ನನ್ ಮಾತ ಕದ್ಬುಟ್ಟದೆ ಇದು!” ಎಂದಳು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅಲ್ಲಿಯವರೆಗೂ ಕಂಡಿರಲಿಲ್ಲ.

ನಾನು ನಿವೃತ್ತಳಾಗುವ ಹೊತ್ತಿಗೆ ಹಾಸನದ ಕಚೇರಿಗೆ ಅವಳೇ ಮುಖ್ಯಸ್ಥೆ. ಬೀಳ್ಕೊಡುಗೆಯ ದಿನ ಗ್ರೂಪ್ ಫೋಟೋ ಎಂದರು. ಫೋಟೋದವನು ತನ್ನ ಪದ್ಧತಿಯಂತೆ ಮುಂದೆ ನಾಲ್ಕು ಕುರ್ಚಿ ಹಾಕಿ, “ದೊಡ್ಡೋರು ಕೂತ್ಕೊಳ್ಳಿ, ಉಳಿದೋರು ಹಿಂದೆ ನಿಂತ್ಕೊಳ್ಳಿ,” ಎಂದ. ನನ್ನನ್ನು ಕೂರಿಸಿದರು, ಊರಿಂದ ಬಂದಿದ್ದ ಮಂಜುನಾಥಯ್ಯನವರನ್ನು ಕೂರಿಸಿದರು, ಈಗ ತಲೆ ನರೆತ ನಾಗರಾಜನೂ ಕೂತ. ನಾಲ್ಕನೆಯ ಕುರ್ಚಿ ಪುಟ್ಟಲಕ್ಷ್ಮಿಯದು. ಅವಳು ಸೆರಗು ಸರಿಮಾಡಿಕೊಳ್ಳುತ್ತ ಹಿಂದಿನ ಸಾಲಿಗೆ ಹೊರಟಿದ್ದಳು. ನಾನು ಕೈ ಹಿಡಿದು ಎಳೆದೆ.

“ಬ್ಯಾಡಕ್ಕ,” ಎಂದಳು ಮೆಲ್ಲಗೆ. “ಕುಂತ್ಬುಟ್ರೆ ನಾನೂ ಅತ್ತೆ ಆಯ್ತೀನಿ.”

ಆಮೇಲೆ ಹಿಂದೆ ಸಾಲಾಗಿ ನಿಂತಿದ್ದ ಹೊಸ ಹುಡುಗಿಯರನ್ನು ತಿರುಗಿ ನೋಡಿದಳು. ಕುರ್ಚಿಗಳನ್ನೆಲ್ಲ ಮೂಲೆಗೆ ಸರಿಸಲು ಹೇಳಿ ನೆಲಕ್ಕೆ ಜಮಖಾನ ಹಾಸಿಸಿದಳು. “ಬನ್ರವ್ವ, ಎಲ್ರೂ ಕುಂತ್ಕಳಿ. ಸಾ, ನೀವೂ ಬನ್ನಿ, ಇಲ್ಲಿ ಗ್ವಾಡೆಗೆ ಒರಗ್ಕಳಿ,” ಎಂದಳು. ಎಲ್ಲರೂ ಕೂತ ಮೇಲೆ ತಾನೂ ಬಂದು ನನ್ನ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತಳು. ಫೋಟೋದವನಿಗೆ ಹೊಂದಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು, ಅವಳು ಒಂದು ಸಲವೂ ಏಳಲಿಲ್ಲ.

ಆ ಫೋಟೋ ನಮ್ಮ ಮನೆಯ ಗೋಡೆಯ ಮೇಲಿದೆ. ತೆಗೆದ ಕೂಡಲೇ ಪುಟ್ಟಲಕ್ಷ್ಮಿ ನನ್ನ ಕಿವಿಯ ಹತ್ತಿರ ಬಗ್ಗಿ, “ಈಗ ಯಾರಾದ್ರೂ ಬರೀಲಿ ನೋಡಾನಕ್ಕ, ಇದ್ರಲ್ಲಿ ಸೊಸೆ ಯಾರು ಅಂತ,” ಎಂದಳು.